ಅಪ್ಪನ ಕಾಲು ಮಡಚಲು ಬಂದವರು

ನಮ್ಮಪ್ಪನ ಬಲಗಾಲು ಮಡಚುತ್ತಿರಲಿಲ್ಲ. ಎಪ್ಪತ್ತೊಂದರ ಯುದ್ಧದಲ್ಲಿ ಮೊಳಕಾಲು ಪುಡಿಯಾಗಿತ್ತು. ಫೌಜಿನ ಡಾಕ್ಟರು ಒಳಗೆ ಉಕ್ಕಿನ ಸಲಾಕೆ ಇಳಿಸಿ, ಕಾಲು ಉಳಿಸಿ, ಅದನ್ನು ಕಂಬ ಮಾಡಿ ಮನೆಗೆ ಕಳಿಸಿದರು. ಆ ಕಂಬವನ್ನು ಮುಂದೆ ಚಾಚಿಕೊಂಡೇ ಅವನು ಮದುವೆಯಾದ, ಹೈದರಾಬಾದಿಗೆ ಬಂದ, ಕಾರ್ಖಾನೆ ಕಟ್ಟಿದ, ಮುದುಕನಾದ. ಬದುಕಿದಷ್ಟು ದಿನ ನಮ್ಮ ಮಂದಿಯಲ್ಲಿ ಒಬ್ಬರೂ ಕೇಳಲಿಲ್ಲ, ಆ ಕಾಲು ನೋಯುತ್ತದೇನಪ್ಪಾ ಅಂತ. ಸತ್ತ ದಿನ ಮಾತ್ರ ಎಲ್ಲರಿಗೂ ಅದರದೇ ಚಿಂತೆ ಹತ್ತಿಕೊಂಡಿತು.

ಯಾಕೆಂದರೆ ನಾವು ಲಿಂಗಾಯತರು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸಿ ಹೂಳುವುದೂ ಇಲ್ಲ. ಚಕ್ಕಳಮಕ್ಕಳ ಹಾಕಿ ಕೂರಿಸಿ, ಎಡಗೈಯಲ್ಲಿ ಅವರ ಕೊರಳಿನ ಇಷ್ಟಲಿಂಗವನ್ನು ಇಟ್ಟು, ಪೂಜೆಗೆ ಕೂತವರ ಹಾಗೆ ಮಣ್ಣಿಗೆ ಕೊಡುತ್ತೇವೆ. ಚಕ್ಕಳಮಕ್ಕಳ ಹಾಕಲು ಎರಡು ಕಾಲೂ ಮಡಚಬೇಕು. ಇನ್ನು ಜಗಳ ಎಲ್ಲಿಂದ ಹುಟ್ಟಿತೆಂದು ನಾನು ಬಿಡಿಸಿ ಹೇಳಬೇಕಿಲ್ಲ.

ಬೀದರ ಕಡೆಯ ನಮ್ಮೂರಿಗೆ ಅವನು ಊರುಗೋಲು ಹಿಡಿದು ಮರಳಿದಾಗ ಹಾರ ಹಾಕಿದರಂತೆ. ಹಾರ ಹಾಕಿದ ಮೇಲೆ, ‘ಕುಂದರಪಾ’ ಅಂದರಂತೆ, ನೆಲ ತೋರಿಸಿ. ಅಲ್ಲಿಂದ ಶುರುವಾಯಿತು ಪಡಿಪಾಟಲು. ನಮ್ಮ ಬದುಕೆಲ್ಲ ನೆಲದ ಮೇಲೇ ನೋಡಿ. ಊಟ ನೆಲದ ಮೇಲೆ, ಪೂಜೆ ನೆಲದ ಮೇಲೆ, ಪಂಚಾಯ್ತಿ ನೆಲದ ಮೇಲೆ, ಬೆಳಗಿನ ಕೆಲಸವಂತೂ ಬಯಲಲ್ಲಿ, ಕುಕ್ಕರಗಾಲಲ್ಲಿ. ಗುಂಡಿಗೆ ಹೆದರದವನು ಬೆಳಗಿನ ಚೊಂಬಿಗೆ ಹೆದರುವ ಹಾಗಾಯಿತು. ಇದನ್ನು ಅವನೇ ನಗುತ್ತ ಹೇಳುತ್ತಿದ್ದ. ನಗು ಬರುವುದಕ್ಕೆ ಎಷ್ಟು ಕಾಲ ಹಿಡಿಯಿತೋ, ಅದನ್ನು ಮಾತ್ರ ಹೇಳಲಿಲ್ಲ.

ಒಂದು ದಿನ, ಮನೆಯಲ್ಲಿದ್ದ ಒಂದೇ ಒಂದು ಕಟ್ಟಿಗೆಯ ಕುರ್ಚಿಯ ನಡುವೆ ಗರಗಸ ಹಾಕಿ ದುಂಡಗೆ ತೂತು ಕೊರೆದ. ಊರು ಬಿದ್ದು ಬಿದ್ದು ನಕ್ಕಿತು. ‘ಫೌಜಿ ಸಿಂಹಾಸನ ಮಾಡ್ಯಾನ, ಹೋಗಿ ಮುಜರಿ ಮಾಡ್ರಿ’ ಅಂದರು. ಆಮೇಲೆ ನಕ್ಕವರ ಮನೆಗಳಿಂದಲೇ, ಸೊಂಟ ಹಿಡಿದ ಮುದುಕಿಯರು, ಮೊಳಕಾಲು ಸವೆದ ಅತ್ತೆಯಂದಿರು ಹಿತ್ತಲ ಬಾಗಿಲಿಗೆ ಹೇಳಿ ಕಳಿಸತೊಡಗಿದರು, ಅಂಥದ್ದೊಂದು ನಮಗೂ ಬೇಕಿತ್ತು ತಮ್ಮಾ ಅಂತ. ಅಪ್ಪನಿಗೆ ಬುದ್ಧಿ ಬಂದದ್ದು ಆಗ. ಕಾಲು ಮಡಚದವನು ತಾನೊಬ್ಬನೇ ಅಂದುಕೊಂಡಿದ್ದ. ಊರ ತುಂಬ ಇದ್ದರು, ಹಲ್ಲು ಕಚ್ಚಿಕೊಂಡು.

ಹೈದರಾಬಾದಿಗೆ ಬಂದು ನಾಂಪಲ್ಲಿ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ತಗಡಿನ ಶೆಡ್ಡು ಹಿಡಿದ. ಮೇಲೆ ಎರಡು ಕೋಣೆಯಲ್ಲಿ ನಾವು. ಕಾರ್ಖಾನೆ ಎಂದು ದೊಡ್ಡದಾಗಿ ಹೇಳುತ್ತೇನೆ, ಇದ್ದದ್ದು ಒಂದು ವೆಲ್ಡಿಂಗ್ ಮಷೀನು, ಪೈಪು ಬಗ್ಗಿಸುವ ಒಂದು ಚೌಕಟ್ಟು, ನಾಲ್ಕಾರು ಕೆಲಸಗಾರರು. ಆದರೆ ಅಲ್ಲಿ ಆಗುತ್ತಿದ್ದ ಮಾಲು ಊರಲ್ಲೆಲ್ಲೂ ಸಿಗುತ್ತಿರಲಿಲ್ಲ. ಸ್ನಾನಕ್ಕೆ ಎತ್ತರದ ಸ್ಟೂಲು, ಶೌಚಕ್ಕೆ ತೂತಿನ ಕುರ್ಚಿ, ಪೂಜೆಗೆ ಕೂರುವವರಿಗೆ ಮುಂದೆ ಹಲಗೆ ಇದ್ದ ಕುರ್ಚಿ, ಒಂದೇ ಕಾಲು ಚಾಚಲು ಒಂದೇ ಕಡೆ ಆಸರೆ ಇದ್ದ ಕುರ್ಚಿ. ಅಮ್ಮ ಹೊಲಿಗೆ ಮಷೀನಿನಲ್ಲಿ ದಿಂಬು ಹೊಲಿಯುತ್ತಿದ್ದಳು. ನಾನೊಬ್ಬಳೇ ಮಗಳು. ವೆಲ್ಡಿಂಗಿನ ಕಿಡಿ ಬಿದ್ದು ನನ್ನ ಶಾಲೆಯ ಲಂಗಗಳಲ್ಲೆಲ್ಲ ಸಣ್ಣ ಸಣ್ಣ ತೂತು. ಈಗ ಆ ಶೆಡ್ಡು ನಡೆಸುವವಳು ನಾನೇ, ಸೀರೆಗಳ ಗತಿಯೂ ಅದೇ.

ಜನವರಿಯಲ್ಲಿ ನಾಂಪಲ್ಲಿಯ ವಸ್ತುಪ್ರದರ್ಶನ ಬಂದರೆ ಅಪ್ಪ ಅಲ್ಲೊಂದು ಮಳಿಗೆ ಹಾಕುತ್ತಿದ್ದ. ಬೋರ್ಡು ಇಲ್ಲ, ಕೂಗುವವರಿಲ್ಲ. ಕುರ್ಚಿಗಳನ್ನು ದಾರಿಗೆ ಮುಖ ಮಾಡಿ ಇಟ್ಟುಬಿಡುವುದು. ತಿರುಗಿ ತಿರುಗಿ ಕಾಲು ಸೋತ ಹೆಂಗಸರು ‘ಜರಾ ಬೈಠ್‌ತೂಂ ಭಯ್ಯಾ’ ಎಂದು ಬಂದು ಕೂತು, ಚಪ್ಪಲಿ ಬಿಚ್ಚಿ, ಮಿರ್ಚಿ ಭಜಿ ತಿಂದು, ಹರಟೆ ಹೊಡೆದು, ಏಳುವಾಗ ಕುರ್ಚಿಯ ತೋಳನ್ನು ಒಮ್ಮೆ ಸವರಿ ನೋಡುತ್ತಿದ್ದರು. ಅಮ್ಮನಿಗೆ ಸಿಟ್ಟು. ‘ಧರ್ಮಛತ್ರ ತಗದೀರೇನು? ತಿಂದ ಎಣ್ಣಿ ಕೈ ದಿಂಬಿಗಿ ಒರಸಾಕತ್ತಾರ’ ಎನ್ನುತ್ತಿದ್ದಳು. ಅಪ್ಪ, ‘ಕುಂದರ್ಲಿ ಬಿಡ. ಕುಂತವ್ರು ಮರಿಯಂಗಿಲ್ಲ’ ಎನ್ನುತ್ತಿದ್ದ. ಅದು ನಿಜವೇ ಆಗಿತ್ತು. ಮುಂದಿನ ವಾರ ಅವರ ಅತ್ತೆಯನ್ನೋ ತಾಯಿಯನ್ನೋ ಆಟೋದಲ್ಲಿ ಕೂರಿಸಿಕೊಂಡು ಶೆಡ್ಡು ಹುಡುಕಿ ಬರುತ್ತಿದ್ದರು.

ಅವನದೊಂದು ನೇಮವಿತ್ತು. ತಾನು ಕೂತು ನೋಡದೆ ಒಂದು ಕುರ್ಚಿಯನ್ನೂ ಬಾಗಿಲು ದಾಟಲು ಬಿಡುತ್ತಿರಲಿಲ್ಲ. ಬಣ್ಣ ಆರಿದ ಮೇಲೆ ಎಳೆದುಕೊಂಡು, ಪೂರ್ತಿ ಭಾರ ಬಿಟ್ಟು ಕೂತು, ಬಲಗಾಲು ಚಾಚಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿ, ಹಿಂದೆ ಒರಗಿ ಕಣ್ಣು ಮುಚ್ಚುತ್ತಿದ್ದ. ಅದು ಕಿರ್ರೆಂದರೆ, ಒಂದು ಕಾಲು ಕೂದಲೆಳೆಯಷ್ಟು ಅಲುಗಿದರೆ, ವಾಪಸು ಮಷೀನಿಗೆ. ಅಲುಗದಿದ್ದರೆ ತೋಳಿನ ಮೇಲೆ ಅಂಗೈಯಿಂದ ಬಡಿದು, ‘ಕುಂದ್ರಬಹುದು’ ಎನ್ನುತ್ತಿದ್ದ. ಅವನು ಕುಂದ್ರಬಹುದು ಎಂದ ಮೇಲೆಯೇ ಅದು ಕುರ್ಚಿ. ಅಲ್ಲಿಯವರೆಗೆ ಅದು ಬರೀ ಪೈಪು.

ನಮ್ಮ ಮಂದಿಗೆ ಮಾತ್ರ ಅವನು ಕೂರುವ ರೀತಿಯೇ ಕಣ್ಣಿಗೆ ಚುಚ್ಚುತ್ತಿತ್ತು. ಅಬಿಡ್ಸಿನಲ್ಲಿ ಬಟ್ಟೆ ವ್ಯಾಪಾರ ಮಾಡುವ ಒಬ್ಬ ಸಾಹುಕಾರರಿದ್ದರು, ನಮ್ಮ ಕಡೆಯವರೇ, ಇಲ್ಲಿನ ಸಮಾಜಕ್ಕೆ ಹಿರಿಯರು. ಅವರ ಮಗಳ ಮದುವೆಗೆ ಅಪ್ಪ ತನ್ನ ಸ್ಟೂಲು ಹೊತ್ತುಕೊಂಡೇ ಹೋದ. ಪಂಕ್ತಿಯ ಕೊನೆಯಲ್ಲಿ ಸ್ಟೂಲಿಟ್ಟು ಕೂತ. ಸಾಹುಕಾರರು ಬಂದು ಎಲ್ಲರಿಗೂ ಕೇಳುವ ಹಾಗೆ ಅಂದರು: “ಏನ್ರಿ ಫೌಜಿ, ಅಯ್ಯನೋರು ಚಾಪಿ ಮ್ಯಾಲ ಕುಂತಾರ, ನೀವು ಅವ್ರ ತಲಿ ಮ್ಯಾಲ ಕುಂದ್ರೋದು ಚಂದ ಕಾಣ್ತೈತೇನು? ಹೊರಗ ಪಡಸಾಲಿಯಾಗ ಕುಂದರ್ರಿ, ಅಲ್ಲೇ ಕಳಸ್ತೀವಿ.”

ಅಪ್ಪ ಏಳಲಿಲ್ಲ. “ಸಾಹುಕಾರ್ರ, ಗಡಿಯಾಗ ನಾ ಕಾಲು ಚಾಚಿ ಬಿದ್ದಿದ್ದಕ್ಕ ನೀವಿಲ್ಲಿ ಕಾಲು ಮಡಚಿ ಉಣ್ಣಾಕತ್ತೀರಿ. ಬಡಸ್ರಿ,” ಅಂದ.

ಬಡಿಸಿದರು. ಅಮ್ಮ ಅವನ ಸ್ಟೂಲಿನ ಪಕ್ಕ ನೆಲದ ಮೇಲೆ ಕೂತು, ಒಂದೊಂದು ತುತ್ತಿಗೂ ಒಬ್ಬೊಬ್ಬರನ್ನು ದುರುಗುಟ್ಟಿ ನೋಡುತ್ತ ಹೋಳಿಗೆ ಮುಗಿಸಿದಳು. ನಾನು ಆಗ ಚಿಕ್ಕವಳು, ಆ ದಿನದ ಊಟದಷ್ಟು ರುಚಿಯ ಊಟವನ್ನು ಮತ್ತೆ ಉಂಡಿಲ್ಲ.

ಅಮ್ಮ ಮೊದಲು ಹೋದಳು. ಅವಳನ್ನು ಕುಣಿಯಲ್ಲಿ ಕೂರಿಸಿದಾಗ ಅಪ್ಪನಿಗೆ ಕೆಳಗಿಳಿಯಲಾಗಲಿಲ್ಲ. ಅಂಚಿನಲ್ಲಿ ಸ್ಟೂಲು ಹಾಕಿಕೊಂಡು, ಕಾಲನ್ನು ಕುಣಿಯ ಕಡೆ ಚಾಚಿ, ಮೇಲಿನಿಂದಲೇ ವಿಭೂತಿ ಉದುರಿಸಿದ. ಮನೆಗೆ ಬರುವಾಗ ಆಟೋದಲ್ಲಿ ನನ್ನ ಕೈ ಹಿಡಿದುಕೊಂಡು ಅಂದ: “ನನ್ನೂ ನಿಮ್ಮವ್ವನ ಬಾಜೂಕ ಕುಂದ್ರಸು. ಮಲಗಸಬ್ಯಾಡ. ಫೌಜಿನ ದವಾಖಾನ್ಯಾಗ ಮಲಗಿದ್ದು ಈ ಜಲ್ಮಕ್ಕ ಸಾಕು. ಆದ್ರ ನನ್ನ ಕಾಲು ಮಾತ್ರ ಯಾರೂ ಮಡಚಬಾರ್ದು. ಮುರದು ಮಡಚ್ತಾರ, ನಾ ನೋಡೀನಿ. ಒಮ್ಮಿ ಮುರದೈತಿ, ಮತ್ತೊಮ್ಮಿ ಬ್ಯಾಡ.” ನಾನು ಆಯಿತೆಂದೆ. ಕೂರಿಸಬೇಕು, ಮುರಿಯಬಾರದು. ಎರಡೇ ಮಾತು.

ತೆಲಂಗಾಣ ಬೇರೆ ರಾಜ್ಯವಾಗಿ ಕೆಲವು ವರ್ಷಗಳಾದ ಮೇಲೆ, ಒಂದು ಬೆಳಗ್ಗೆ ಅವನು ಹೋದ. ಶೆಡ್ಡಿನಲ್ಲಿ, ತನ್ನದೇ ಕುರ್ಚಿಯಲ್ಲಿ, ಕೈಯಲ್ಲಿ ಚಹಾದ ಕಪ್ಪು. ಕಪ್ಪು ಬಿದ್ದ ಸದ್ದಿಗೆ ನಾನು ಓಡಿ ಬಂದರೆ ಚಹಾ ಇನ್ನೂ ನೆಲದ ಮೇಲೆ ಹರಿಯುತ್ತಿತ್ತು. ಅವನು ಒರಗಿ ಕಣ್ಣು ಮುಚ್ಚಿದ್ದ, ಕುರ್ಚಿ ಪರೀಕ್ಷೆ ಮಾಡುವಾಗ ಮುಚ್ಚುತ್ತಿದ್ದ ಹಾಗೇ. ತೋಳು ಬಡಿಯುತ್ತಾನೆಂದು ನಾನು ಒಂದು ಗಳಿಗೆ ಕಾದೆ, ಹುಚ್ಚಿಯ ಹಾಗೆ.

ಅಕ್ಕಪಕ್ಕದ ತೆಲುಗಿನವರು ಒಳ್ಳೆಯ ಮನಸ್ಸಿನಿಂದ ಚಾಪೆ ತಂದು, ಮಲಗಿಸೋಣ ಅಂದರು. ನಾನು ಬೇಡವೆಂದೆ. ನಮ್ಮ ವೆಲ್ಡರ್ ಮಾಮಾ, ಪಾತಬಸ್ತಿಯ, ಅಂದರೆ ಹಳೇ ಹೈದರಾಬಾದಿನವರು, ನಾನು ಹುಟ್ಟುವ ಮೊದಲಿನಿಂದ ಶೆಡ್ಡಿನಲ್ಲಿದ್ದವರು, ಅವರೂ ನಾನೂ ಸೇರಿ ಅಪ್ಪನಿಗೆ ನೀರು ಹಾಕಿ, ಬಿಳಿ ಪಂಚೆ ಉಡಿಸಿ, ಹಣೆಗೆ ವಿಭೂತಿ ಬಳಿದು, ಅದೇ ಕುರ್ಚಿಯಲ್ಲಿ ಕೂರಿಸಿದೆವು. ಎದೆಗೆ ಅಮ್ಮನ ಹಳೆಯ ಸೀರೆಯಿಂದ ಕಟ್ಟು ಹಾಕಿದೆವು. ಕಾಲು ಅದರ ಆಸರೆಯ ಮೇಲೆ ನೆಟ್ಟಗೆ ಇತ್ತು. ಮಾಮಾ ಮೂಗು ಸೀಟುತ್ತ, ಅಪ್ಪನ ಪಾದಕ್ಕೆ ಹತ್ತಿದ್ದ ಬಣ್ಣವನ್ನು ಉಗುರಿನಿಂದ ಕೆರೆದು ತೆಗೆದರು.

ಅಷ್ಟರಲ್ಲಿ ನಮ್ಮ ಮಂದಿ ಬಂದರು. ಮುಂದೆ ಸಾಹುಕಾರರು, ಹಿಂದೆ ವಿಧಿ ಮಾಡಿಸುವ ಅಯ್ಯನವರು, ಅವರ ಹಿಂದೆ ಸಂಬಂಧಿಕರು. ಸಾಹುಕಾರರಿಗೂ ವಯಸ್ಸಾಗಿತ್ತು. ಬಾಗಿಲಲ್ಲೇ ಏದುಸಿರು ಬಿಡುತ್ತ, “ಮೊದ್ಲು ಒಂದು ಕುರ್ಚಿ ಕೊಡ್ರವಾ,” ಅಂದರು. ಶೆಡ್ಡಿನಲ್ಲಿ ಕುರ್ಚಿಗೇನು ಬರ. ಒಂದನ್ನು ಎಳೆದು ಕೊಟ್ಟೆ. ಕೂತರು, ನೀರು ಕುಡಿದರು, ಮುಖ ಒರೆಸಿಕೊಂಡರು, ಆಮೇಲೆ ಅಪ್ಪನ ಕಡೆ ನೋಡಿ ಹುಬ್ಬು ಗಂಟು ಹಾಕಿದರು.

“ಇದೇನವಾ, ಕುರ್ಚಿ ಮ್ಯಾಲ? ನೆಲಕ್ಕ ಇಳಸ್ರಿ, ಚಕ್ಕಳಮಕ್ಕಳ ಹಾಕಸ್ರಿ.”

“ಕಾಲು ಮಡಚಂಗಿಲ್ಲರಿ,” ಅಂದೆ.

“ಗೊತ್ತೈತಿ. ಮೈ ಇನ್ನಾ ಬಿಗದಿಲ್ಲ, ಈಗ ಜಗ್ಗಿದ್ರ ಬರ್ತೈತಿ. ಬರ್ಲಿಲ್ಲಂದ್ರ…” ಅಂದು ಗೂಟಕ್ಕೆ ನೇತು ಹಾಕಿದ್ದ ಸುತ್ತಿಗೆಯ ಕಡೆ ನೋಡಿದರು. “ಸತ್ತ ಮ್ಯಾಲ ನೋವಾಗಂಗಿಲ್ಲ ಬಿಡವಾ. ಅಷ್ಟು ಮನಸ ಆಗಂಗಿಲ್ಲಂದ್ರ ಮಲಗಿಸಿಬಿಡ್ರಿ, ಏನ್ಮಾಡೂದು. ಎರಡರಾಗ ಒಂದು ಹೇಳು.”

ಸಂಬಂಧಿಕರೆಲ್ಲ ಕೋಲೆಬಸವನ ಹಾಗೆ ತಲೆ ಅಲ್ಲಾಡಿಸಿದರು. ನಾನು ಅಯ್ಯನವರ ಮುಖ ನೋಡಿದೆ. ಅವರು, “ಶಾಸ್ತ್ರಾನೂ ಐತಿ, ಸಂದರ್ಭಾನೂ ಐತಿ,” ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಇಬ್ಬರು ಹುರುಪಿನ ಮಂದಿ ಆಗಲೇ ಅಪ್ಪನ ಮೊಳಕಾಲಿಗೆ ಕೈ ಹಾಕಿದ್ದರು. ವೆಲ್ಡರ್ ಮಾಮಾ ನಡುವೆ ನುಗ್ಗಿದರು. “ಸಾಬ್ ಕೇ ಪಾಂವ್ ಕೋ ಹಾತ್ ನಕ್ಕೋ ಲಗಾವ್!” ಅವರ ದನಿ ಅಷ್ಟು ದೊಡ್ಡದಾಗಿದ್ದನ್ನು ನಾನು ಕೇಳಿರಲಿಲ್ಲ. ಹಿಡಿದವರು ಕೈ ಬಿಟ್ಟರು.

ಅಳು ಬರಬೇಕಾದ ಜಾಗದಲ್ಲೆಲ್ಲ ಸಿಟ್ಟು ಬಂದು ಕೂತಿತ್ತು, ಬಂದದ್ದು ಒಳ್ಳೆಯದೇ ಆಯಿತು. ನಾನು ಸಾಹುಕಾರರ ಮುಂದೆ ಹೋಗಿ ನಿಂತೆ.

“ಆಗ್ಲಿರಿ. ಮೊದ್ಲು ನೀವು ಆ ಕುರ್ಚಿ ಬಿಟ್ಟು ಏಳ್ರಿ. ನೆಲದ ಮ್ಯಾಲ ಚಕ್ಕಳಮಕ್ಕಳ ಹಾಕಿ ಕುಂತು ತೋರಸ್ರಿ. ನಿಮ್ಮ ಕಾಲು ಮಡಚಿದ್ರ ನಮ್ಮಪ್ಪನ ಕಾಲೂ ಮಡಚೋಣು. ಮಡಚಲಿಲ್ಲಂದ್ರ, ಇಲ್ಲೇ ಸುತ್ತಿಗಿ ಐತಿ.”

ಹಿಂದೆ ನಿಂತ ಹೆಂಗಸರಲ್ಲಿ ಒಬ್ಬಳು ಸೆರಗು ಬಾಯಿಗೆ ತುರುಕಿಕೊಂಡಳು, ದುಃಖಕ್ಕಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಗಾದೆಯನ್ನು ನಾನು ಬಾಯಲ್ಲಿ ಹೇಳಲಿಲ್ಲ, ಆದರೂ ಸಾಹುಕಾರರಿಗೆ ಕೇಳಿಸಿರಬೇಕು. ಎರಡೂ ತೋಳು ಹಿಡಿದು ಏಳಲು ನೋಡಿದರು, ಮತ್ತೆ ಕೂತರು. “ಹೆಣದ ಮುಂದ ಎಂಥಾ ಮಾತ ಆಡ್ತೀಯವಾ,” ಎಂದಷ್ಟೇ ಗೊಣಗಿದರು. ಅಪ್ಪ ಕುರ್ಚಿಯಲ್ಲೇ ಉಳಿದ.

ಹಾಗೇ ಹೊತ್ತುಕೊಂಡು ಹೋದೆವು. ಕುರ್ಚಿಯ ಎರಡೂ ಬದಿಗೆ ಪೈಪು ಬಿಗಿದು, ನಾಲ್ವರು ಹೆಗಲು ಕೊಟ್ಟರು, ಮುಂದಿನ ಎಡ ಹೆಗಲು ವೆಲ್ಡರ್ ಮಾಮಾರದು. ಭಜನೆಯವರು ತಾಳ ಹಾಕುತ್ತ ಮುಂದೆ. ನಾಂಪಲ್ಲಿಯ ರಸ್ತೆಯಲ್ಲಿ ಬಸ್ಸಿನ ಕಿಟಕಿಗಳಿಂದ ಜನ ಇಣುಕಿದರು. ಹೂವಿನ ಹಾರ ಹಾಕಿಕೊಂಡು, ಕಾಲು ಚಾಚಿ, ಟ್ರಾಫಿಕ್ಕಿನ ಮೇಲೆ ಕೂತು ಹೋಗುತ್ತಿದ್ದ ನಮ್ಮಪ್ಪ. ಆಟೋದವರು ಹಾರ್ನ್ ನಿಲ್ಲಿಸಿ ಹಣೆ ಮುಟ್ಟಿಕೊಂಡರು. ನನಗೆ ಹೆಮ್ಮೆಯಾಯಿತು, ಇದನ್ನು ಮುಚ್ಚಿಡುವುದಿಲ್ಲ.

ರುದ್ರಭೂಮಿಯಲ್ಲಿ ಎರಡನೇ ಜಗಳ ಕಾದಿತ್ತು. ಅಮ್ಮನ ಪಕ್ಕದಲ್ಲಿ ಕುಣಿ ತೋಡಿದ್ದರು, ಎಲ್ಲರಿಗೂ ತೋಡುವ ಹಾಗೆ ಚೌಕ, ಒಳಗೋಡೆಯಲ್ಲಿ ಕೂರಿಸಲು ಒಂದು ಗೂಡು. ಅಪ್ಪನನ್ನು ನೋಡಿ ಕುಣಿ ತೋಡುವವನು ಹಾರೆ ಊರಿ ನಿಂತ. “ಕಾಲು ಎಕ್ಕಡ ಪೆಟ್ಟಾಲಮ್ಮಾ?” ಎಂದು ಕೇಳಿದ. ಅವನೊಬ್ಬನೇ ನೋಡಿ, ಕಾಲು ಮಡಚುವುದು ಹೇಗೆಂದು ಕೇಳದೆ, ಎಲ್ಲಿ ಇಡಬೇಕೆಂದು ಕೇಳಿದವನು. ನಾನು ಅಪ್ಪನ ಊರುಗೋಲನ್ನು ನೆಲದ ಮೇಲೆ ಇಟ್ಟು ಅಳತೆ ತೋರಿಸಿದೆ. ಅವನು ಸರಿ ಎಂದು ಇಳಿದು, ಮುಂದಿನ ಗೋಡೆ ಕೆತ್ತಿ ಕುಣಿಯನ್ನು ಉದ್ದ ಮಾಡತೊಡಗಿದ.

ಸಾಹುಕಾರರು ಅಲ್ಲಿಗೂ ಬಂದಿದ್ದರು. ನಮ್ಮ ಕುರ್ಚಿಯನ್ನೇ ಕಾರಿನಲ್ಲಿ ಹಾಕಿಕೊಂಡು ಬಂದು, ಅದರಲ್ಲೇ ಕೂತಿದ್ದರು. “ಕುಂತ ಹಂಗೇ ಕುಂದ್ರಲಿ, ಆತು. ಆದ್ರ ಕುರ್ಚಿ ತಗೀರಿ. ಕಬ್ಬಿಣ ಕುಣಿಯಾಗ ಇಡಬಾರ್ದು, ದೇಹದ ಕೂಡ ಕಬ್ಬಿಣ ಹೋಗಬಾರ್ದು,” ಅಂದರು.

“ನಮ್ಮಪ್ಪನ ಕಾಲಾಗ ಸರ್ಕಾರದ ಉಕ್ಕಿನ ಸಲಾಕಿ ಐತಿ,” ಅಂದೆ. “ಅದನ್ನ ಯಾರು ತಗೀತೀರಿ ಮುಂದ ಬರ್ರಿ. ಅದು ಬಂದ್ರ ಕುರ್ಚೀನೂ ತಗೀತೀನಿ.”

ಸಾಹುಕಾರರು ಸಂಬಂಧಿಕರ ಕಡೆ ನೋಡಿದರು, ಸಂಬಂಧಿಕರು ಅಯ್ಯನವರ ಕಡೆ ನೋಡಿದರು. ಅಯ್ಯನವರು ಆಗ ಬಾಯಿ ಬಿಟ್ಟರು, ಆ ದಿನ ಮೊದಲ ಸಲ ಒಂದೇ ಕಡೆಗೆ ವಾಲುವ ಮಾತಾಡಿದರು: “ಕೈಯಾಗ ಲಿಂಗ ಐತಿ. ಜಲ್ಮಪೂರ್ತಿ ಮಾಡಿದ ಕಾಯಕದ ಮ್ಯಾಲ ಕುಂತಾನ. ಇದಕ್ಕ ನಾ ಒಲ್ಲೆ ಅನ್ನಾಂವ ಅಲ್ಲ. ಇಳಸ್ರಿ.”

ಅಪ್ಪನನ್ನು ಅಂಚಿನಲ್ಲಿ ಅಮ್ಮನ ಸೀರೆಯ ಮೇಲೆ ಒರಗಿಸಿ ಹಿಡಿದುಕೊಂಡರು. ಕುರ್ಚಿ ಮೊದಲು ಕುಣಿಗಿಳಿಯಿತು. ಇನ್ನೇನು ಅಪ್ಪನನ್ನು ಎತ್ತಬೇಕು, ನನಗೆ ನಿಲ್ಲಲಾಗಲಿಲ್ಲ. ಆ ಕುರ್ಚಿ ಶೆಡ್ಡಿನ ಬಾಗಿಲು ದಾಟಿ ಬಂದಿದೆ, ಕೊನೆಯ ಗಿರಾಕಿಯ ಹತ್ತಿರ ಹೋಗುತ್ತಿದೆ, ಈ ಮಣ್ಣಿನ ಮೇಲೆ ಅದರಲ್ಲಿ ಯಾರೂ ಕೂತು ನೋಡಿಲ್ಲ. ಸೆರಗು ಸಿಕ್ಕಿಸಿಕೊಂಡು, ಕುಣಿ ತೋಡುವವನ ಕೈ ಹಿಡಿದು ಕೆಳಗಿಳಿದೆ. ಇಳಿದು, ಕುರ್ಚಿಯಲ್ಲಿ ಕೂತೆ.

ಮೇಲೆ ಗದ್ದಲವೆದ್ದಿತು. “ಏ! ಏಳು! ಜೀವಂತ ಇದ್ದವ್ರು ಅಲ್ಲಿ ಕುಂದ್ರತಾರೇನು? ಹುಚ್ಚಿ ಅದಿಯೇನು? ಏಳಬೇ!” ಸಾಹುಕಾರರ ದನಿ ಎಲ್ಲಕ್ಕಿಂತ ಮೇಲೆ. ಹೆಂಗಸರು ಅಯ್ಯೋ ಶಿವನೇ ಅಂದರು. ನಾನು ಏಳಲಿಲ್ಲ. ಪೂರ್ತಿ ಭಾರ ಬಿಟ್ಟೆ. ಬಲಗಾಲು ಚಾಚಿದೆ. ಎಡಕ್ಕೆ ವಾಲಿದೆ, ಬಲಕ್ಕೆ ವಾಲಿದೆ. ಹಿಂದಿನ ಕಾಲೊಂದು ಹಸಿ ಮಣ್ಣಿನಲ್ಲಿ ಕುಸಿದು ಕುರ್ಚಿ ಅಲುಗಿತು.

ನೋಡಿ, ಕೂತದ್ದಕ್ಕೇ ಗೊತ್ತಾಯಿತು. ಎದ್ದು, ಆ ಮೂಲೆಯ ಮಣ್ಣನ್ನು ಕಾಲಿನಿಂದ ತುಳಿದು ಗಟ್ಟಿ ಮಾಡಿದೆ. ಮೇಲಿನಿಂದ ಯಾರೋ ಚಪ್ಪಟೆಯ ಕಲ್ಲೊಂದನ್ನು ಕೊಟ್ಟರು. ಕತ್ತೆತ್ತಿ ನೋಡಿದರೆ ವೆಲ್ಡರ್ ಮಾಮಾ. ಕಲ್ಲನ್ನು ಕುರ್ಚಿಯ ಕಾಲಿಗೆ ಆನಿಸಿ ಮತ್ತೆ ಕೂತೆ. ವಾಲಿದೆ. ಒರಗಿದೆ. ಕಣ್ಣು ಮುಚ್ಚಿದೆ. ಮಣ್ಣಿನ ತಂಪು ಬೆನ್ನಿಗೆ ತಾಗಿತು. ಎಡಕ್ಕೆ ಆ ಗೋಡೆಯಾಚೆ ಅಮ್ಮ ಇದ್ದಳು. ಕುರ್ಚಿ ಕಿರ್ರೆನ್ನಲಿಲ್ಲ, ಕೂದಲೆಳೆಯಷ್ಟೂ ಅಲುಗಲಿಲ್ಲ. ಬೆಳಗಿನಿಂದ ಬಾರದ ಅಳು ಆಗ ಬಂತು, ಬಂದರೆ ಬರಲಿ ಎಂದು ಬಿಟ್ಟೆ.

ತೋಳಿನ ಮೇಲೆ ಅಂಗೈಯಿಂದ ಬಡಿದೆ. ಕುಣಿಯೊಳಗಿಂದ ಎಲ್ಲರಿಗೂ ಕೇಳುವ ಹಾಗೆ, ಸಾಹುಕಾರರಿಗೂ ಕೇಳುವ ಹಾಗೆ ಕೂಗಿದೆ:

“ಕುಂದ್ರಬಹುದು. ತಗೊಂಡು ಬರ್ರಿ ನಮ್ಮಪ್ಪನ್ನ.”